ಪರದೆಯ ತುಂಬ ಫ್ಯಾನು

ಇವತ್ತು ಬೆಳಿಗ್ಗೆ ಏಳೂವರೆಗೆ ಅಮೆರಿಕದ ನಾರ್ತ್‌ವಿಲ್‌ನ ಈ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದುಕೊಂಡು, ಕಿಟಕಿಯಾಚೆ ಎರಡು ಅಳಿಲುಗಳ ಜಗಳ ನೋಡುತ್ತಾ ನಿಂತಿದ್ದೆ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದ ಫೋನು ಬಡಿದುಕೊಂಡಿತು. ವಿಡಿಯೋ ಕರೆ. ಒತ್ತಿದರೆ ಪರದೆಯ ತುಂಬ ಒಂದು ಫ್ಯಾನು ತಿರುಗುತ್ತಿತ್ತು. ಮನುಷ್ಯರಿಲ್ಲ, ಮಾತಿಲ್ಲ, ಬರೀ ಫ್ಯಾನು. ಫ್ಯಾನಿನ ಬಣ್ಣ ಕಂದೇ ಎಂದು ಮೊದಲು ಖಾತ್ರಿ ಮಾಡಿಕೊಂಡೆ. ಆಮೇಲೆ "ಮುಖ ತೋರಿಸ್ರೀ!" ಎಂದು ಕೂಗಿದೆ. ನನ್ನ ಕೂಗಿಗೆ ಈ ಮನೆಯ ಹದಿನಾರು ವರ್ಷದ ಹುಡುಗಿ ಮಹಡಿಯಿಂದ ದಡದಡನೆ ಇಳಿದು ಬಂದು, "ಆರ್ ಯು ಓಕೆ, ಅಜ್ಜಿ?" ಎಂದಳು. ಓಕೆ ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ನೀವು ನಗಬಹುದು. ನಮ್ಮ ವಯಸ್ಸಿನವರ ವಿಡಿಯೋ ಕರೆ ಎಂದರೆ ಹಾಗೇ ತಾನೇ? ಒಬ್ಬರ ಹಣೆ, ಇನ್ನೊಬ್ಬರ ಕಿವಿ, ಮತ್ತೊಬ್ಬರ ಮನೆಯ ಸೂರು. ನನ್ನ ತಂಗಿಯ ಮುಖವನ್ನು ಫೋನಿನಲ್ಲಿ ಪೂರ್ತಿ ನೋಡಿ ವರ್ಷಗಳಾದವು. ಆದರೆ ಅವಳು ಎಡಗಿವಿಯ ಓಲೆ ಬದಲಾಯಿಸಿದ್ದು ನನಗೆ ಗೊತ್ತು. ಎರಡು ವರ್ಷದ ಹಿಂದಿನವರೆಗೆ ನಾನೂ ಇದಕ್ಕೆಲ್ಲ ನಗುತ್ತಿದ್ದೆ. ಯಾಕೆ ನಿಂತಿತು ಎಂದು ಹೇಳುತ್ತೇನೆ, ಕೂತುಕೊಳ್ಳಿ. ಕಾಫಿ ಲೋಟ ನನ್ನ ಎಡಗೈಯಲ್ಲಿತ್ತು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಅದರ ವಿಷಯ ಕೊನೆಗೆ ಬರುತ್ತದೆ. ಟೀಚರ್ ಆಗಿದ್ದವಳು ನಾನು. ಪಾಠ ಶುರುವಾಗುವ ಮೊದಲೇ ಮುಖ್ಯವಾದ ಕಡೆ ಅಡಿಗೆರೆ ಎಳೆಸುವ ಚಟ ಹೋಗಿಲ್ಲ.

ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಹೇಳಿದೆ. ಪ್ರತಿ ವರ್ಷ ಉತ್ತರ ಅಮೆರಿಕದ ಪಾಠ ಬಂದಾಗ ಗೋಡೆಗೆ ನಕ್ಷೆ ತೂಗುಹಾಕಿ, ಕೋಲಿನಿಂದ ಒಂದೊಂದನ್ನೇ ಮುಟ್ಟಿ, "ಸುಪೀರಿಯರ್, ಮಿಚಿಗನ್, ಹ್ಯೂರನ್, ಈರಿ, ಒಂಟಾರಿಯೊ" ಎಂದು ಮಗ್ಗಿಯ ಹಾಗೆ ಹೇಳಿಸುತ್ತಿದ್ದೆ. ನಾನು ಕುಟ್ಟಿ ಕುಟ್ಟಿ ಈರಿ ಸರೋವರದ ಜಾಗದಲ್ಲಿ ನಕ್ಷೆ ತೂತಾಗಿತ್ತು. ಐದು ಸಮುದ್ರದಂಥ ಸರೋವರಗಳ ಬಗ್ಗೆ ಅಷ್ಟು ಅಧಿಕಾರದಿಂದ ಮಾತಾಡುವ ನಾನು ಕಣ್ಣಾರೆ ಕಂಡ ದೊಡ್ಡ ನೀರೆಂದರೆ ಕುಕ್ಕರಹಳ್ಳಿ ಕೆರೆ, ಕನ್ನಂಬಾಡಿ ಕಟ್ಟೆ. ಅದೊಂದು ನಾಚಿಕೆ ಒಳಗೇ ಇತ್ತು. ರಿಟೈರಾದ ಮೇಲೆ ನನ್ನ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ಅದನ್ನು ಬಾಯಿಬಿಟ್ಟೆ. ಮಾರನೆಯ ದಿನವೇ ಪ್ರಸನ್ನನ ಫೋನು.

"ಮಿಸ್, ಬನ್ನಿ. ಲೇಕ್ ಮಿಚಿಗನ್ ನಮ್ಮನೆಯಿಂದ ನಲವತ್ತು ಮೈಲಿ. ಐದೂ ತೋರಿಸ್ತೀವಿ."

ಈ ಪ್ರಸನ್ನ ಷಿಕಾಗೋ ಪಕ್ಕದ ಪ್ಲೇನ್‌ಫೀಲ್ಡ್‌ನಲ್ಲಿ ಇಂಜಿನಿಯರು. ಒಂಬತ್ತನೇ ತರಗತಿಯಲ್ಲಿ ಇದೇ ಮಿಚಿಗನ್ ಸರೋವರವನ್ನು ಆಫ್ರಿಕಾದಲ್ಲಿ ಗುರುತಿಸಿದ್ದ ಮಹಾಶಯ. ಅದೇ ತರಗತಿಯ ಮೊದಲ ಬೆಂಚಿನ ವೈಜಯಂತಿ, ನಮ್ಮ ವೈಜು, ಡೆಟ್ರಾಯಿಟ್ ಹತ್ತಿರ ಈ ನಾರ್ತ್‌ವಿಲ್‌ನಲ್ಲಿ ಡಾಕ್ಟರು. ಬೆಳಿಗ್ಗೆ ಮಹಡಿಯಿಂದ ಇಳಿದು ಬಂದ ಹುಡುಗಿ ಅವಳ ಮಗಳು. ನಮಗೆ ಮಕ್ಕಳಿಲ್ಲ, ಹಾಜರಿ ಪುಸ್ತಕದಲ್ಲಿದ್ದವರೇ ಮಕ್ಕಳು. ಎರಡು ಮನೆ, ಐದು ಸರೋವರ, ಐದು ತಿಂಗಳು ಎಂದು ಲೆಕ್ಕ ಹಾಕಿದೆವು.

ನಮ್ಮವರು ಮಾತ್ರ ಬರುವುದಿಲ್ಲ ಎಂದುಬಿಟ್ಟರು. ಆಯಸ್ಸೆಲ್ಲ ವಿದ್ಯುತ್ ಇಲಾಖೆಯಲ್ಲಿ ಕಳೆದವರು, ಲೈನ್‌ಮನ್‌ಗಳ ಜೊತೆ ಗಾಳಿ ಮಳೆಯಲ್ಲಿ ಕಂಬ ಹತ್ತಿದವರು. ವಿಮಾನ ಎಂದರೆ ಕೈಕಾಲು ತಣ್ಣಗಾಗುತ್ತಿತ್ತು. "ಕಂಬದ ಮೇಲಿದ್ದಾಗ ಕೆಳಗೆ ಕಂಬ ಇರ್ತಿತ್ತು. ವಿಮಾನದ ಕೆಳಗೆ ಏನಿದೆ, ಹೇಳು?" ಎಂಬುದು ಅವರ ವಾದ. ನನ್ನ ಒತ್ತಾಯಕ್ಕೆ ಚೆನ್ನೈಗೆ ಬಂದು ನನ್ನ ಜೊತೆ ವೀಸಾ ಏನೋ ಮಾಡಿಸಿಕೊಂಡರು. ಆದರೆ ಎರಡು ವೀಸಾಕ್ಕೆ ಟಿಕೆಟ್ಟು ಒಂದೇ ಆಯಿತು. "ನೀನು ಹೋಗ್ಬಾ ಟೀಚರಮ್ಮ. ನಿನ್ನ ನೀರು ನೀನು ನೋಡ್ಕೊಂಡು ಬಾ" ಎಂದರು. ಅರವತ್ತೊಂದನೆಯ ವಯಸ್ಸಿಗೆ ನಾನು ಮೊದಲ ಸಲ ಒಬ್ಬಳೇ ಊರು ಬಿಟ್ಟೆ. ಅದೂ ಸೀದಾ ಅಮೆರಿಕಕ್ಕೆ.

ಇಲ್ಲಿ ಕುರ್ಚಿಯ ಪುರಾಣ ಹೇಳಲೇಬೇಕು. ನಮ್ಮ ಕಡೆಯಿಂದ ಅಮೆರಿಕಕ್ಕೆ ಬರುವ ಹಿರಿಯರಿಗೆಲ್ಲ ಮಕ್ಕಳು ಹೇಳಿಕೊಡುವ ಒಂದು ಉಪಾಯವಿದೆ. "ಟಿಕೆಟ್ ಜೊತೆ ವ್ಹೀಲ್‌ಚೇರ್ ಹಾಕಿಸ್ಬಿಡ್ತೀನಿ ಮಿಸ್. ನೀವು ಸುಮ್ನೆ ಕೂತ್ಕೊಳಿ. ಅವರೇ ತಳ್ಕೊಂಡು ಹೋಗ್ತಾರೆ. ಗೇಟ್ ಹುಡುಕೋ ಹಾಗಿಲ್ಲ, ಇಮಿಗ್ರೇಷನ್‌ನಲ್ಲಿ ಕ್ಯೂ ನಿಲ್ಲೋ ಹಾಗಿಲ್ಲ" ಎಂದ ಪ್ರಸನ್ನ. ನನ್ನ ಕಾಲು ದಿನಕ್ಕೆ ಐದು ಕಿಲೋಮೀಟರು ನಡೆಯುವ ಕಾಲು. ಆದರೂ ಕೂತೆ. ನಡುವೆ ವಿಮಾನ ಬದಲಿಸುವ ಊರಿನಲ್ಲಿ ನೋಡುತ್ತೇನೆ, ಸಾಲಾಗಿ ಹದಿನೆಂಟು ಕುರ್ಚಿ, ಹದಿನೆಂಟರಲ್ಲೂ ರೇಷ್ಮೆ ಸೀರೆಗೆ ಬೂಟು ಹಾಕಿಕೊಂಡ ನಮ್ಮಂಥವರೇ. ಷಿಕಾಗೋದಲ್ಲಿ ಇಳಿದು ಕಸ್ಟಮ್ಸ್ ಬಾಗಿಲು ದಾಟಿದ್ದೇ ತಡ, ನನ್ನ ಪಕ್ಕದ ಕುರ್ಚಿಯಾಕೆ ಸೆರಗು ಸಿಕ್ಕಿಸಿ, ಚಂಗನೆ ಎದ್ದು, ಮೊಮ್ಮಗುವನ್ನು ಹಿಡಿಯಲು ಓಡಿದರು. ಕುರ್ಚಿ ತಳ್ಳುತ್ತಿದ್ದವನು ಅಂಥ ಪವಾಡ ದಿನಾ ನೋಡುವವನಂತೆ ಮುಂದಿನ ಕುರ್ಚಿಗೆ ಹೋದ.

ನಾನು ಇದನ್ನೆಲ್ಲ ಫೋನಿನಲ್ಲಿ ನಮ್ಮವರಿಗೆ ವರ್ಣಿಸಿ, "ರಾಜಮಾತೆ ಬಂದ ಹಾಗೆ ಬಂದೆ ಕಣ್ರೀ" ಎಂದರೆ ಅವರು ನಗಲಿಲ್ಲ. "ಕಾಲಿದ್ದೋರೆಲ್ಲ ಕುರ್ಚಿಲಿ ಕೂತ್ರೆ, ಕಾಲಿಲ್ದೋರು ಎಲ್ಲಿ ಹೋಗ್ಬೇಕು? ಟೀಚರ್ ಆಗಿದ್ದೋಳು ನೀನು" ಎಂದರು. ನನಗೆ ಉರಿಯಿತು. ಮೈಸೂರಿನ ಕಟ್ಟೆಯ ಮೇಲೆ ಕೂತು ನೀತಿ ಹೇಳುವುದು ಸುಲಭ, ಒಬ್ಬಳೇ ಬಂದು ನೋಡಲಿ ಎಂದುಕೊಂಡು ಫೋನಿಟ್ಟೆ. ನಮ್ಮ ಫೋನುಗಳು ಸಾಮಾನ್ಯವಾಗಿ ಹೀಗೇ ಮುಗಿಯುತ್ತಿದ್ದವು.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಮೊದಲ ಎರಡು ತಿಂಗಳು ನಾನು ಬಹಳ ಸುಖವಾಗಿದ್ದೆ. ಬೆಳಿಗ್ಗೆ ತಿಂಡಿ ಏನು ಎಂದು ಕೇಳುವವರಿಲ್ಲ. ಪ್ಲೇನ್‌ಫೀಲ್ಡ್‌ನ ಸಬ್‌ಡಿವಿಷನ್ ಎಂಬ ಬಡಾವಣೆಯಲ್ಲಿ, ಒಂದೇ ಅಚ್ಚಿನ ಮನೆಗಳ ನಡುವೆ, ಎರಡು ಸಲ ದಾರಿ ತಪ್ಪಿ ಬೇರೆಯವರ ಗ್ಯಾರೇಜಿನ ಮುಂದೆ ನಿಂತೆ. ಭೂಗೋಳದ ಟೀಚರ್ ಕಳೆದುಹೋದರು ಎಂದು ಪ್ರಸನ್ನ ಗುಂಪಿನಲ್ಲಿ ಹಾಕಿದ. ಮಿಚಿಗನ್ ಸರೋವರದ ದಡದಲ್ಲಿ ಮೊದಲ ಸಲ ನಿಂತಾಗ ಆಚೆ ದಡ ಕಾಣಲಿಲ್ಲ. ನಕ್ಷೆಯಲ್ಲಿ ನನ್ನ ಕಿರುಬೆರಳಿನಷ್ಟಿದ್ದ ನೀರು! ಸೀರೆ ಮೊಣಕಾಲಿಗೆ ಎತ್ತಿಕೊಂಡು ಇಳಿದೆ. ಆಮೇಲೆ ಬಿಡುವಾದಾಗಲೆಲ್ಲ ಅಲ್ಲಿಗೇ ಕರೆದುಕೊಂಡು ಹೋಗು ಎಂದು ಪ್ರಸನ್ನನ ಪ್ರಾಣ ತಿಂದೆ. ನಮ್ಮವರ ನೆನಪು ಬರುತ್ತಿರಲಿಲ್ಲವೇ ಎಂದರೆ, ಬರುತ್ತಿತ್ತು. ಆದರೆ ಹಿಂದೆ ಬಿಟ್ಟು ಬಂದ ಒಗೆಯದ ಬಟ್ಟೆಯ ಹಾಗೆ ಬರುತ್ತಿತ್ತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಹತ್ತು ಗಂಟೆ. ಅದೇ ದಡದಲ್ಲಿ ಪ್ರಸನ್ನನ ಮನೆಯವರೆಲ್ಲ ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದರು. ಏನೋ ತಮಾಷೆಗೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆಗ ಫೋನು ಬಂತು. ಪರದೆಯ ತುಂಬ ಫ್ಯಾನು.

"ಏನ್ರೀ, ಬರೀ ಫ್ಯಾನ್ ಕಾಣ್ತಿದೆ! ಎಷ್ಟು ಸಲ ಹೇಳ್ಕೊಡೋದು ನಿಮ್ಗೆ?" ಎಂದೆ. ಆ ಕಡೆಯಿಂದ ಏನೋ ಗೊರಗೊರ ಸದ್ದು. "ಏನೂ ಕೇಳಿಸ್ತಿಲ್ಲ. ಆಮೇಲೆ ಮಾಡಿ" ಎಂದು ಹೇಳಿ ಇಟ್ಟೆ. ಸುತ್ತ ಇದ್ದವರಿಗೂ ಫ್ಯಾನಿನ ಕತೆ ಹೇಳಿ ನಗಿಸಿದೆ.

ಮೂರು ದಿನ ಬಿಟ್ಟು ಮತ್ತೆ ಕರೆ ಬಂತು, ಈ ಸಲ ಬಲಗಿವಿ. ಮಾತು ತೊದಲುತ್ತಿತ್ತು. "ಹಲ್ಲು ಕೀಳ್ಸಿದೀನಿ, ಬಾಯಿ ಊದಿದೆ" ಎಂದರು. ನನ್ನನ್ನು ಕೇಳದೆ ಹಲ್ಲು ಕೀಳಿಸಿದ್ದಕ್ಕೆ ಹತ್ತು ನಿಮಿಷ ಬೈದೆ. ಮೆತ್ತಗೆ ಅನ್ನ ಮಾಡಿಕೊಳ್ಳಿ, ಬಿಸಿ ಕುಡಿಯಬೇಡಿ ಎಂದು ಉಪದೇಶವನ್ನೂ ಮಾಡಿದೆ. ಹೂಂ ಹೂಂ ಎಂದು ಕೇಳಿಸಿಕೊಂಡರು. ಹಾಗೆ ಸುಮ್ಮನೆ ಕೇಳಿಸಿಕೊಂಡದ್ದೇ ನನಗೆ ಅನುಮಾನ ಬರಿಸಬೇಕಿತ್ತು.

ಆ ವಾರವೇ ನಾನು ನಾರ್ತ್‌ವಿಲ್‌ಗೆ, ವೈಜು ಮನೆಗೆ ಬಂದೆ. ಹ್ಯೂರನ್ ಸರೋವರ ನೋಡಿದೆ. ವೈಜು ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮೊದಲು ಡ್ರೈವ್‌ವೇಯಲ್ಲಿ ನಿಂತ ಕಾರಿನಲ್ಲೇ ಕೂತು ಹತ್ತು ನಿಮಿಷ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಕಿಟಕಿಯಿಂದ ಕೈ ಬೀಸಿದರೆ ಮುಖ ತಿರುಗಿಸುತ್ತಿದ್ದಳು. ಪಾಪ, ಕೆಲಸದ ಒತ್ತಡ ಎಂದುಕೊಂಡೆ.

ಆಗಸ್ಟ್ ಮಧ್ಯದಲ್ಲಿ ಬಲಗಿವಿ ಹೇಳಿತು: "ನಾನೂ ಬರ್ತಿದೀನಿ."

ಬರಸಿಡಿಲೆಂದರೆ ಅದು. ಬೆಂಗಳೂರಿನ ಮೇಲ್ಸೇತುವೆ ಹತ್ತಿದರೆ ಕಣ್ಣು ಮುಚ್ಚಿಕೊಳ್ಳುವ ಮನುಷ್ಯ! "ಯಾಕ್ರೀ?" ಎಂದೆ. "ಯಾಕೆ, ಬರಬಾರ್ದಾ?" ಎಂದರು. ಹೋಟೆಲ್ ಊಟ ಬೇಸರವಾಗಿರಬೇಕು ಎಂದು ತೀರ್ಮಾನಿಸಿದೆ. ನಿಜ ಹೇಳುತ್ತೇನೆ, ನನಗೆ ಖುಷಿಗಿಂತ ಹೆಚ್ಚಾಗಿ ಕಸಿವಿಸಿಯೇ ಆಯಿತು. ಇನ್ನೂ ಮೂರು ಸರೋವರ ಉಳಿದಿದ್ದವು, ಅವು ನನ್ನವಾಗಿದ್ದವು. ಇನ್ನು ಹೋದಲ್ಲೆಲ್ಲ ಸಕ್ಕರೆ ಕಡಿಮೆ ಕಾಫಿ ಎಲ್ಲಿ ಸಿಗುತ್ತದೆ ಎಂದು ಹುಡುಕಬೇಕಲ್ಲ ಎನ್ನಿಸಿತು. ಆದರೂ ಅವರು ಬರುವ ಹಿಂದಿನ ದಿನ ಪ್ಲೇನ್‌ಫೀಲ್ಡ್‌ಗೆ ವಾಪಸಾಗಿ, ಗೊಜ್ಜವಲಕ್ಕಿ ಕಲಸಿಟ್ಟು, ಮೆಂತ್ಯದ ಬಣ್ಣದ ಸೀರೆ ಇಸ್ತ್ರಿ ಮಾಡಿಕೊಂಡೆ. ಅದು ಅವರಿಗೆ ಇಷ್ಟದ ಸೀರೆ.

ಷಿಕಾಗೋದ ಒಹೇರ್ ವಿಮಾನ ನಿಲ್ದಾಣದಲ್ಲಿ ಹೊರದೇಶದಿಂದ ಬಂದವರು ಹೊರಬೀಳುವ ದೊಡ್ಡ ಬಾಗಿಲುಗಳ ಮುಂದೆ ನಾನು, ಪ್ರಸನ್ನ ನಿಂತೆವು. ಬಾಗಿಲು ತೆರೆದುಕೊಂಡಾಗಲೆಲ್ಲ ಯಾರದೋ ಅಪ್ಪ, ಯಾರದೋ ಅತ್ತೆ. ನಾನು ಕತ್ತು ಉದ್ದ ಮಾಡಿ ನಿಂತಿದ್ದೆ. ಪ್ರಸನ್ನ ಕಾರ್ ಪಾರ್ಕಿಂಗಿನ ಚೀಟಿಯನ್ನು ಮಡಿಸಿ ಮಡಿಸಿ ಬತ್ತಿ ಮಾಡಿಬಿಟ್ಟಿದ್ದ. ಅಷ್ಟರಲ್ಲಿ ಬಾಗಿಲು ತೆರೆಯಿತು. ವ್ಹೀಲ್‌ಚೇರ್‌ನಲ್ಲಿ ನಮ್ಮವರು.

ನನಗೆ ತಡೆಯಲಾರದ ನಗು ಬಂತು. ಕಾಲಿದ್ದೋರು ಕುರ್ಚಿಲಿ ಕೂರಬಾರದು ಎಂದ ಧರ್ಮರಾಯ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಮೂರು ತಿಂಗಳಿನಿಂದ ಕಟ್ಟಿಟ್ಟುಕೊಂಡಿದ್ದ ಉತ್ತರ ಅದು. ಅಷ್ಟು ಜನರ ಮುಂದೆ ಗಟ್ಟಿಯಾಗಿ ನಗುತ್ತಲೇ ಹೋದೆ.

"ಓಹೋಹೋ, ಮಹಾರಾಜರು! ಸಾಕು ಸವಾರಿ, ಏಳಿ ಏಳಿ!" ಎಂದು ಅವರ ಎಡಗೈ ಹಿಡಿದು ಎಳೆದೆ.

ಕೈ ಬಂತು, ಹಿಡಿತ ಬರಲಿಲ್ಲ. ಮೂವತ್ತಾರು ವರ್ಷದಿಂದ ನಾನು ಹಿಡಿದಾಗಲೆಲ್ಲ ತಿರುಗಿ ಹಿಡಿಯುತ್ತಿದ್ದ ಕೈ, ನನ್ನ ಕೈಯೊಳಗೆ ಸುಮ್ಮನೆ ಬಿದ್ದುಕೊಂಡಿತು. ಅವರು ಏಳಲು ನೋಡಿದರು. ಎಡಗಾಲು ಕುರ್ಚಿಯ ಕಾಲ್ಹಲಗೆಯಿಂದ ಜಾರಿ ನೆಲಕ್ಕೆ ತಗುಲಿತು. ಕುರ್ಚಿ ತಳ್ಳುತ್ತಿದ್ದ ಹೆಂಗಸು ಅವರ ಭುಜ ಹಿಡಿದು ಕೂರಿಸಿ, "ನೋ ನೋ, ಮ್ಯಾಮ್, ಈಸಿ, ಈಸಿ" ಎಂದಳು. ನಾನು ಮುಖ ನೋಡಿದೆ. ಎರಡು ತಿಂಗಳಿನಿಂದ ಫೋನಿನಲ್ಲಿ ಕಾಣದಿದ್ದ ಎಡಭಾಗ. ತುಟಿಯ ಕೊನೆ ಒಂದಿಷ್ಟು ಕೆಳಗೆ ಇಳಿದಿತ್ತು.

"ಮಿಸ್, ಅಂಕಲ್‌ಗೆ ಸ್ಟ್ರೋಕ್ ಆಗಿತ್ತು. ಚಿಕ್ಕದು. ಈಗ ಇಂಪ್ರೂವ್ ಆಗಿದಾರೆ" ಎಂದು ಹಿಂದಿನಿಂದ ಪ್ರಸನ್ನ ಹೇಳಿದ.

ಆಘಾತ ಎಂದರೆ ಜನ ಕಿರುಚುತ್ತಾರೆ, ಅಳುತ್ತಾರೆ ಎಂದು ನಾನು ತಿಳಿದಿದ್ದೆ. ನನಗೆ ಎರಡೂ ಬರಲಿಲ್ಲ. "ಬ್ಯಾಗು ಎಷ್ಟಿವೆ?" ಎಂದು ಕೇಳಿದೆ. "ಎರಡು" ಎಂದರು ನಮ್ಮವರು. "ಎರಡೂ ಬಂತಾ?" ಎಂದೆ. "ಬಂತು" ಎಂದರು. ನನ್ನ ಮುಖದ ಮೇಲೆ ಆ ನಗು ಇನ್ನೂ ಹಾಗೇ ಅಂಟಿಕೊಂಡಿತ್ತು. ತೆಗೆಯುವುದು ಹೇಗೆಂದು ಗೊತ್ತಾಗಲಿಲ್ಲ.

ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತೆವು. ಹೆದ್ದಾರಿಯ ಮೂರು ಎಕ್ಸಿಟ್ ದಾಟಿದೆವು. ಆಮೇಲೆ ನನಗೆ ಏನು ಹೊಳೆಯಿತೋ, "ಬಾಯಿ ತೆಗೀರಿ" ಎಂದೆ.

"ಯಾಕೆ?"

"ತೆಗೀರಿ ಅಂದೆ."

ತೆಗೆದರು. ನಾನು ಕನ್ನಡಕ ಮೇಲೆ ಮಾಡಿ, ಚಲಿಸುವ ಕಾರಿನಲ್ಲಿ, ಬಗ್ಗಿ, ಒಂದೊಂದೇ ಎಣಿಸಿದೆ. ಎಲ್ಲ ಹಲ್ಲೂ ಇದ್ದವು. ಒಂದನ್ನೂ ಕೀಳಿಸಿರಲಿಲ್ಲ. ಆಗ ಬಂತು ಅಳು. ಪ್ರಸನ್ನ ಕನ್ನಡಿಯಲ್ಲಿ ನಮ್ಮನ್ನು ನೋಡಿ, ನೋಡದವನ ಹಾಗೆ ಡ್ರೈವ್ ಮಾಡಿದ.

ಎರಡು ದಿನ ನಾನು ಅವರೊಡನೆ ಮಾತಾಡಲಿಲ್ಲ. ಸ್ನಾನ ಮಾಡಿಸಿದೆ, ಬಟ್ಟೆ ಹಾಕಿದೆ, ತಟ್ಟೆ ಇಟ್ಟೆ, ಎಲ್ಲ ಮೂಕಿಯ ಹಾಗೆ. ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯದು. ಪ್ರಸನ್ನನಿಗೆ ಗೊತ್ತಿತ್ತು, ಟಿಕೆಟ್ ಮಾಡಿದವನು ಅವನೇ. ಅವರನ್ನು ಆಸ್ಪತ್ರೆಗೆ ಸೇರಿಸಿದ ನಮ್ಮ ಎದುರುಮನೆಯ ನಂಜುಂಡನಿಗೆ ಗೊತ್ತಿತ್ತು. ಲೋಕಕ್ಕೆಲ್ಲ ಗೊತ್ತಿದ್ದು ಹೆಂಡತಿಗೊಬ್ಬಳಿಗೆ ಗೊತ್ತಿರಲಿಲ್ಲ. ವಾರದ ಮೇಲೆ ಐದು ಗಂಟೆ ಕಾರಿನಲ್ಲಿ ಕೂತು ನಾರ್ತ್‌ವಿಲ್‌ಗೆ ಬಂದೆವು. ವ್ಯಾಯಾಮ ಮಾಡಿಸಲು ವೈಜು ಎಲ್ಲ ಏರ್ಪಾಡು ಮಾಡಿದ್ದಳು. ಬಾಗಿಲು ದಾಟುತ್ತಿದ್ದ ಹಾಗೇ ನಾನು ಅವಳನ್ನು ಇದೇ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡೆ.

"ಕಾರಲ್ಲಿ ಕೂತು ದಿನಾ ಯಾರ ಹತ್ರ ಮಾತಾಡ್ತಿದ್ದೆ?"

ನಲವತ್ತಾರು ವರ್ಷದ ಡಾಕ್ಟರು ಡಿಷ್‌ವಾಷರ್ ಪಕ್ಕದಲ್ಲಿ, ಹೋಂವರ್ಕ್ ಮಾಡದವಳ ಹಾಗೆ ತಲೆ ತಗ್ಗಿಸಿದಳು. "ಅಂಕಲ್ ಹತ್ರ ಮಿಸ್. ರಿಪೋರ್ಟ್ಸ್ ಕಳಿಸಿದ್ರು. ಹೇಳ್ಬೇಡ ಅಂತ ಮಾತು ತಗೊಂಡ್ರು. ಪೇಷೆಂಟ್ ಹೇಳ್ಬೇಡಿ ಅಂದ್ರೆ ನಾವು ಹೇಳೋ ಹಾಗಿಲ್ಲ. ಫ್ಲೈ ಮಾಡ್ಬೇಡಿ ಅಂತಾನೂ ಹೇಳ್ದೆ, ಕೇಳ್ಲಿಲ್ಲ. ಅಲ್ಲಿಯ ಡಾಕ್ಟರ್ ಫಿಟ್ ಅಂತ ಬರ್ದುಕೊಟ್ಟ ಮೇಲೇನೇ ಪ್ರಸನ್ನ ಬುಕ್ ಮಾಡಿದ್ದು."

"ನನ್ನ ಜೊತೆ ಕೂತು ಊಟ ಮಾಡ್ತಿದ್ಯಲ್ಲೇ ದಿನಾ!"

ಅವಳು ಅಳತೊಡಗಿದಳು. ಅವಳ ಗಂಡ ಧಾರವಾಡದವನು, ಒಳ್ಳೆಯ ಮನುಷ್ಯ, ಕಪ್ಪು ಹಿಡಿದು ನಡುವೆ ಬಂದು, "ಟೀಚರ್, ಮೊದಲ ಚಾ ಕುಡೀರಿ. ಆಮ್ಯಾಲೆ ಹೊಡೀರಿ ಆಕೀನ್ನ" ಎಂದ. ಕುಡಿದೆ. ಹೊಡೆಯಲಿಲ್ಲ.

ನಮ್ಮಿಬ್ಬರ ಮಾತು ಆದದ್ದು ಈರಿ ಸರೋವರದ ದಡದಲ್ಲಿ. ನಾನು ನಕ್ಷೆಯಲ್ಲಿ ತೂತು ಮಾಡಿದ್ದ ಸರೋವರ. ವೈಜು ನಮ್ಮನ್ನು ಒಂದು ಬೆಂಚಿನಲ್ಲಿ ಕೂರಿಸಿ, ಬೇಕೆಂದೇ ದೂರ ಹೋದಳು. ಸೆಪ್ಟೆಂಬರಿನ ತಣ್ಣನೆ ಗಾಳಿ. ನಾನು ಶಾಲನ್ನು ಅವರ ಎಡಗೈ ಮೇಲೆ ಹೊದಿಸಿ, ನೀರು ನೋಡುತ್ತಲೇ ಕೇಳಿದೆ.

"ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀನು ವಾಪಸ್ ಬರ್ತಿದ್ದೆ."

"ಬರ್ತಿದ್ದೆ. ಬರೋದೋ ಬಿಡೋದೋ ನಾನು ನೋಡ್ಕೋತಿದ್ದೆ. ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು?"

ಅವರು ನಿಧಾನವಾಗಿ, ಒಂದೊಂದೇ ಮಾತನ್ನು ಹುಡುಕಿ ತೆಗೆಯುವವರ ಹಾಗೆ ಹೇಳಿದರು. "ಹೇಳೋಣ ಅಂತಾನೇ ಫೋನ್ ಮಾಡಿದ್ದೆ, ಎರಡನೇ ದಿನ. ಆಸ್ಪತ್ರೆಯಿಂದ. ನಂಜುಂಡ ಫೋನ್ ಹಿಡ್ಕೋತೀನಿ ಅಂದ, ನಾನೇ ಹಿಡೀತೀನಿ ಅಂತ ತಗೊಂಡೆ. ಬಿದ್ದುಹೋಯ್ತು ಹಾಸಿಗೆ ಮೇಲೆ. ನೀನು ಫ್ಯಾನ್ ಕಾಣ್ತಿದೆ ಅಂದೆ. ಹಿಂದೆ ನೀರಿನ ಸದ್ದು ಬರ್ತಿತ್ತು. ನಗ್ತಿದ್ದೆ ನೀನು. ಅಷ್ಟು ನಗೋದನ್ನ ನಾನು ನಮ್ಮನೇಲಿ ಕೇಳೇ ಇರ್ಲಿಲ್ಲ ಕಣೇ. ಬೇಡ ಅನ್ನಿಸ್ತು."

ಒಹೇರ್‌ನಲ್ಲಿ ಆದದ್ದು ಆಘಾತವೇ ಅಲ್ಲ ಎಂದು ನನಗೆ ಆಗ ಗೊತ್ತಾಯಿತು. ಕಣ್ಣ ಮುಂದೆ ಆ ಫ್ಯಾನು ಬಂತು. ನಮ್ಮ ಮನೆಯ ಫ್ಯಾನು ಕಂದು. ಆವತ್ತು ಪರದೆಯಲ್ಲಿ ತಿರುಗುತ್ತಿದ್ದದ್ದು ಬಿಳಿ ಫ್ಯಾನು, ಪಕ್ಕದಲ್ಲಿ ಆಸ್ಪತ್ರೆಯ ಹಸಿರು ಬಟ್ಟೆಪರದೆಯ ಅಂಚು. ಎಲ್ಲ ನೋಡಿದ್ದೆ; ನೋಡಿ, ಲೋಕವನ್ನು ನಗಿಸಿದ್ದೆ. ನದಿಯ ಒಂದು ತಿರುವು ತೋರಿಸಿದರೆ ಯಾವ ನದಿ ಎಂದು ಹೇಳುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುವವಳಿಗೆ, ಗಂಡನ ತಲೆಯ ಮೇಲೆ ತಿರುಗುತ್ತಿರುವುದು ತನ್ನ ಮನೆಯ ಫ್ಯಾನಲ್ಲ ಎಂದು ಕಾಣಲಿಲ್ಲ. ಸುಳ್ಳು ಹೇಳಿದವರು ಅವರು ಹೌದು. ಆದರೆ ನಿಜ ಹೇಳಲು ಬಂದವರ ಮೇಲೆ ಬಾಗಿಲು ಹಾಕಿದವಳು ನಾನು.

"ಮತ್ತೆ ಈಗ ಯಾಕೆ ಬಂದ್ರಿ?" ಎಂದೆ.

"ಹೆದರಿಕೆ ಆಯ್ತು."

"ವಿಮಾನಕ್ಕಿಂತಾನಾ?"

"ವಿಮಾನಕ್ಕಿಂತ."

ಅಲ್ಲೇ ಆ ಬೆಂಚಿನಲ್ಲೇ ನಾನು ಒಂದು ಕಾನೂನು ಮಾಡಿದೆ. ಎಲ್ಲೇ ಇರಲಿ, ದಿನಕ್ಕೊಂದು ಸಲ ಪರೀಕ್ಷೆ. ಪೂರ್ತಿ ಮುಖ ತೋರಿಸಿ ನಗಬೇಕು, ಎರಡೂ ಕೈ ಎತ್ತಬೇಕು, ಒಂದು ಇಡೀ ವಾಕ್ಯ ತೊದಲದೆ ಹೇಳಬೇಕು. ಪಾರ್ಶ್ವವಾಯು ಮತ್ತೆ ಬಂದರೆ ಮೊದಲು ಕಾಣುವುದು ಈ ಮೂರರಲ್ಲೇ ಎಂದು ವೈಜು ಹೇಳಿದ್ದಳು. ಯಾವ ವಾಕ್ಯ ಎಂದು ಕೇಳಿದರು. ಐದು ಸರೋವರ ಹೇಳಿ ಎಂದೆ. ಈರಿಯ ಮುಂದೆ ಕೂತು ಈರಿಯನ್ನೇ ಮರೆತು ನಾಲ್ಕೇ ಹೇಳಿದರು. ಅದು ಕಾಯಿಲೆಯಲ್ಲ, ಪಾಠ ಕೇಳದಿದ್ದುದರ ಫಲ.

ಒಂಟಾರಿಯೊವನ್ನು ಇಬ್ಬರೂ ನೋಡಿದೆವು. ಅಷ್ಟರಲ್ಲಿ ಚಳಿ ಬಂತು, ಸುಪೀರಿಯರ್ ಉತ್ತರದಲ್ಲಿ ಹಾಗೇ ಉಳಿಯಿತು. ಜೊತೆಯಾಗಿ ಮೈಸೂರಿಗೆ ಹಿಂತಿರುಗಿದೆವು. ಬರುವಾಗ ಅವರಿಗೆ ಮಾತ್ರ ಕುರ್ಚಿ; ನಾನು ಪಕ್ಕದಲ್ಲಿ ನಡೆದೆ. ಈಗ ಅವರು ಕೋಲು ಹಿಡಿದು ಹಾಲಿನ ಬೂತಿನವರೆಗೆ ಹೋಗಿ ಬರುತ್ತಾರೆ. ಈ ವರ್ಷ ಬೇಸಿಗೆಯಲ್ಲಿ ಅವರೇ ಟಿಕೆಟ್ ಮಾತು ಎತ್ತಿ, "ಒಂದು ನೀರು ಬಾಕಿ ಇದೆಯಲ್ಲ, ಹೋಗ್ಬಾ. ನಂಜುಂಡ ಇರ್ತಾನೆ" ಎಂದರು. ಬೇಡವೆಂದು ಒಂದು ತಿಂಗಳು ಜಗಳ ಮಾಡಿ, ಬಂದೆ. ಮುಂದಿನ ವಾರ ವೈಜು ರಜೆ ಹಾಕಿದ್ದಾಳೆ, ಉತ್ತರಕ್ಕೆ ಹೋಗುತ್ತೇವೆ.

ಹಾಗಾಗಿ ಇವತ್ತು ಬೆಳಿಗ್ಗೆಯ ಫ್ಯಾನು. ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಆಮೇಲೆ ಕನ್ನಡಕ ಹುಡುಕುವುದು ಅವರ ಅಭ್ಯಾಸ. ದಿನಾ ಅರ್ಧ ನಿಮಿಷ ಫ್ಯಾನು ಕಾಣುತ್ತದೆ, ದಿನಾ ನನ್ನ ಪ್ರಾಣ ಹೋಗಿ ಬರುತ್ತದೆ. ಕೊನೆಗೆ ಮುಖ ಬಂತು. ಪೂರ್ತಿ ಮುಖ, ಎಡ ಬಲ ಎರಡೂ. ನಕ್ಕರು. ಎರಡೂ ಕೈ ಎತ್ತಿದರು, ಎಡಗೈ ಕಿವಿಯವರೆಗೆ ಬಂತು. "ಸುಪೀರಿಯರ್, ಮಿಚಿಗನ್, ಹ್ಯೂರನ್, ಈರಿ, ಒಂಟಾರಿಯೊ" ಎಂದರು, ಒಂದೂ ತಪ್ಪಿಲ್ಲದೆ.

"ಪಾಸ್" ಎಂದೆ.

"ಈಗ ನೀನು."

"ನಾನ್ಯಾಕೆ? ನನಗೇನಾಗಿದೆ?"

"ಮೂರು ದಿನದಿಂದ ಕಾಫೀನ ಎಡಗೈಯಲ್ಲಿ ಕುಡೀತಿದೀಯ, ಟೀಚರಮ್ಮ. ಎರಡೂ ಕೈ ಎತ್ತು."

ನಾನು ಲೋಟವನ್ನು ನಿಧಾನವಾಗಿ ಕೆಳಗಿಟ್ಟೆ. ಮೂರು ದಿನದ ಹಿಂದೆ ವೈಜು ಮನೆಯ ಹಿಂದಿನ ಮೆಟ್ಟಿಲಿನಲ್ಲಿ ಜಾರಿ ಬಿದ್ದಿದ್ದೆ. ಬಲ ಮಣಿಕಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು, ಮೊಣಕೈವರೆಗೆ ಬಿಳಿ ಪಟ್ಟಿ. ಅದನ್ನು ಪರದೆಯ ಕೆಳಗೆ, ಹೊಟ್ಟೆಯ ಹತ್ತಿರ ಇಟ್ಟುಕೊಂಡೇ ಮೂರು ದಿನ ಮಾತಾಡಿದ್ದೆ. ಅಷ್ಟು ದೂರದಲ್ಲಿದ್ದಾರೆ, ಸುಮ್ಮನೆ ಯಾಕೆ ಗಾಬರಿಪಡಿಸುವುದು, ಹೇಳಿದರೆ ಬಂದುಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ. ನನ್ನ ಮನಸ್ಸಿನಲ್ಲಿ ಬಂದ ಮಾತು ಯಾರದ್ದೆಂದು ಈಗ ತಿಳಿಯಿತು. ಈರಿಯ ದಡದಲ್ಲಿ ಅವರಿಗೆ ಕಾನೂನು ಮಾಡಿದವಳು, ನನಗೂ ಅದು ಅನ್ವಯಿಸುತ್ತದೆ ಎಂದು ಯೋಚಿಸಿಯೇ ಇರಲಿಲ್ಲ.

ಎಡಗೈ ಎತ್ತಿದೆ. ಅವರು ಕಾದರು. ಬಲಗೈಯನ್ನೂ ಎತ್ತಿದೆ.

ಅವರು ಆ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. "ವೈಜುಗೆ ಗೊತ್ತಾ?" ಎಂದು ಮಾತ್ರ ಕೇಳಿದರು. ಡಿಷ್‌ವಾಷರ್ ಪಕ್ಕದಲ್ಲಿ, ನನ್ನ ಕೂಗು ಕೇಳಿ ಬಂದು ನಿಂತಿದ್ದ ವೈಜು ಮತ್ತೆ ತಲೆ ತಗ್ಗಿಸಿದಳು.

"ಗೊತ್ತು" ಎಂದೆ.

"ಸರಿ. ಹತ್ತಿರ ಬಾ. ಬಾಯಿ ತೆಗಿ."

"ಅಯ್ಯೋ, ಯಾಕ್ರೀ?"

"ಹಲ್ಲು ಎಣಿಸ್ಬೇಕು."

ಮೂವತ್ತೊಂದು ವರ್ಷ ಪಾಠ ಹೇಳಿದ ಬಾಯನ್ನು ಫೋನಿನ ಮುಂದೆ ಅಗಲವಾಗಿ ತೆಗೆದು ನಿಂತೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಮೇಲಿದ್ದವು. ಮೈಸೂರಿನಲ್ಲಿ ಅವರು ಕನ್ನಡಕ ಸರಿಮಾಡಿಕೊಂಡು, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸತೊಡಗಿದರು.